ಮೂರು ಲೀಟರ್ ನೀರು

ಯಳಂದೂರು
12–2–2023

ಅಕ್ಕನಿಗೆ ಪ್ರಭುಸ್ವಾಮಿಯ ನಮಸ್ಕಾರ.

ಈ ಕಾಲದಲ್ಲೂ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನ್ ಮಾಡಿದರೆ ಅದು ಭಾವನ ಜೇಬಿನಲ್ಲಿ ಬಡಿದುಕೊಳ್ಳುತ್ತದೆ. ಅವರು ತೆಗೆದು ನನ್ನ ಹೆಸರು ನೋಡಿ ಮತ್ತೆ ಜೇಬಿಗೇ ಇಳಿಸುತ್ತಾರೆ. ನಿನ್ನ ಪುಟ್ಟಿಯ ನಾಮಕರಣದ ದಿನ ನಿಮ್ಮ ಮಾವನಿಗೆ ‘ಹಸುಗೂಸಿನ ಹತ್ತಿರ ಬೀಡಿ ಸೇದಬೇಡಿ’ ಅಂದದ್ದೇ ನಾನು ಮಾಡಿದ ದೊಡ್ಡ ಅಪರಾಧ. ‘ನನ್ನ ಜಗಲಿ ಮ್ಯಾಲೆ ಕುಂತ್ಕಂಡು ನಂಗೇ ಬುದ್ಧಿ ಏಳೀಯಾ? ಇನ್ ಮ್ಯಾಲೆ ಈ ಜಗಲಿ ಅತ್ತಬ್ಯಾಡ’ ಅಂದರು. ನಾನು ಹತ್ತಿಲ್ಲ. ಪೋಸ್ಟಿನವನು ಹತ್ತಬಹುದಲ್ಲ, ಅದಕ್ಕೇ ಈ ಕಾಗದ.

ನನಗೆ ಹೊಸ ಕೆಲಸ ಸಿಕ್ಕಿದೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಎಷ್ಟು ಜನಕ್ಕೆ ಕಿಡ್ನಿ ಕಲ್ಲಿನ ತೊಂದರೆ ಇದೆ ಎಂದು ಒಂದು ಸಂಸ್ಥೆಯವರು ಮನೆಮನೆ ಸಮೀಕ್ಷೆ ಮಾಡಿಸುತ್ತಿದ್ದಾರೆ. ನಾನು ಅದರ ಮೇಲ್ವಿಚಾರಕ. ವಾರವೆಲ್ಲ ಯಳಂದೂರಿನ ರೂಮಿನಲ್ಲಿರುತ್ತೇನೆ, ಶನಿವಾರ ಮಧುವನಹಳ್ಳಿಗೆ ಹೋಗುತ್ತೇನೆ. ಅಪ್ಪ, ಅವ್ವ, ಪ್ರೇಮಾ ಎಲ್ಲರೂ ಚೆನ್ನಾಗಿದ್ದಾರೆ. ಮದುವೆಯಾಗಿ ಎರಡು ವರ್ಷವಾದರೂ ನನ್ನ ಹೆಂಡತಿ ಈಗಲೂ ಅಪ್ಪನ ಎದುರಿಗೆ ಬಾಯಿ ಬಿಡುವುದಿಲ್ಲ. ನಿನ್ನ ಹಾಗಲ್ಲ.

ಈ ಕಡೆ ಎಷ್ಟು ಜನಕ್ಕೆ ಕಲ್ಲಿದೆ ಅಂತೀಯ. ಗುಂಬಳ್ಳಿಯಲ್ಲಿ ಒಬ್ಬರು ಬಿದ್ದ ಕಲ್ಲನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ, ಮಗನ ಮಾರ್ಕ್ಸ್‌ಕಾರ್ಡು ತೋರಿಸುವ ಹಾಗೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕೂ ಬೋರ್‌ವೆಲ್ ನೀರೇ ಕಾರಣ. ಶಾಗ್ಯಕ್ಕೂ ತಂಡ ಬರುತ್ತದೆ. ನಾನು ಬರುವಂತಿಲ್ಲವಲ್ಲ, ನಿಂಗರಾಜು ಅನ್ನುವ ಹುಡುಗನನ್ನು ಕಳಿಸುತ್ತೇನೆ.

ಸಂಕ್ರಾಂತಿಗೆ ಬಂದಾಗ ನಿನಗೆ ಹೊಟ್ಟೆನೋವಿತ್ತು ಎಂದು ಅವ್ವ ಅಂದಳು. ಏನದು? ನಿಮ್ಮ ಮನೆಯ ನೀರು ಹೇಗಿದೆ?

ನಿನ್ನ ತಮ್ಮ
ಪ್ರಭು


ಶಾಗ್ಯ
27–2–2023

ಪ್ರಭುವಿಗೆ ಅಕ್ಕನ ಆಶೀರ್ವಾದ.

ಓದಿಸಿ, ಮದುವೆ ಮಾಡಿಸಿ, ಕೊನೆಗೆ ನನ್ನ ತಮ್ಮ ಊರವರ ಉಚ್ಚೆಯ ವಿಚಾರ ಕೇಳಿಕೊಂಡು ಬೀದಿ ಸುತ್ತುವ ಹಾಗಾಯಿತು. ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿರಬೇಕು.

ನೀರು ನೀನು ಹೇಳಿದಂತೆಯೇ ಇದೆ. ಕಾಯಿಸಿದ ಪಾತ್ರೆಯ ತಳಕ್ಕೆ ಸುಣ್ಣ ಬಳಿದಂತೆ ಬೆಳ್ಳಗೆ ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಮಾವನವರು ಅದೇ ನೀರನ್ನು ದಿನಕ್ಕೆ ಎರಡು ಚೆಂಬು ಗಟಗಟ ಕುಡಿದು ಕಲ್ಲುಗುಂಡಿನ ಹಾಗೆ ಇದ್ದಾರೆ. ಅವರ ಹೊಟ್ಟೆಯಲ್ಲಿ ಕಲ್ಲಿದ್ದರೂ ಕರಗಿಹೋಗಿರುತ್ತದೆ ಬಿಡು.

ನನ್ನ ಹೊಟ್ಟೆನೋವು ಬರೀ ಗ್ಯಾಸ್ಟ್ರಿಕ್. ಅತ್ತೆ ಹುರುಳಿ ಬೇಯಿಸಿದ ನೀರು ಕೊಟ್ಟರು, ಕಮ್ಮಿಯಾಯಿತು. ಇದನ್ನೇ ಹಿಡಿದುಕೊಂಡು ಕೂರಬೇಡ.

ಪುಟ್ಟಿಗೆ ಹಲ್ಲು ಬಂದಿದೆ. ಯಾರ ಬೆರಳು ಸಿಕ್ಕರೂ ಕಚ್ಚುತ್ತಾಳೆ. ಮಾವನ ಬೀಡಿಯ ಬೆರಳನ್ನೂ ಕಚ್ಚಿದಳು. ನಿನ್ನ ಸೇಡು ಅವಳು ತೀರಿಸಿಕೊಂಡಳು ಅಂದುಕೋ.

ಪ್ರೇಮಾಳಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ
ಕವಿತ


ಯಳಂದೂರು
19–4–2023

ಪ್ರೀತಿಯ ಅಕ್ಕ,

ಒಂದು ಸಂತೋಷದ ವಿಷಯ. ಶಾಗ್ಯದ ಸಮೀಕ್ಷೆ ಮುಗಿಯಿತು. ಎಲ್ಲಕ್ಕಿಂತ ಮೊದಲು ನಿಂಗರಾಜುವನ್ನು ನಿಮ್ಮ ಮಾವನ ಹೆಸರು ಹಿಡಿದು ‘ನಂಜಯ್ಯನೋರ ಮನೇಲಿ ಏನಂದ್ರು?’ ಎಂದು ಕೇಳಿದೆ. ‘ಆ ಮನೇಲಿ ಯಾರ್ಗೂ ಏನೂ ಇಲ್ಲ ಸಾ, ಕಾಫಿ ಕೊಟ್ರು, ಚೆನ್ನಾಗಿ ಮಾತಾಡುಸುದ್ರು’ ಅಂದ. ನನ್ನ ಎದೆಯ ಮೇಲಿನ ಭಾರ ಇಳಿಯಿತು. ನಿನ್ನದು ಗ್ಯಾಸ್ಟ್ರಿಕ್ಕೇ ಸರಿ.

ಇನ್ನೊಂದು ವಿಚಿತ್ರ ಕೇಳು. ಮೂರೂ ತಾಲ್ಲೂಕಿನಲ್ಲಿ ಗಂಡಸರಿಗೇ ಕಲ್ಲು ಹೆಚ್ಚು, ಹೆಂಗಸರಿಗೆ ಬಹಳ ಕಮ್ಮಿ. ಹನೂರಿನ ಕಡೆಯ ಹಳ್ಳಿಗಳಲ್ಲಂತೂ ಹೆಂಗಸರ ಲೆಕ್ಕ ಹತ್ತಿರ ಹತ್ತಿರ ಇಲ್ಲವೇ ಇಲ್ಲ. ಬಿಸಿಲಿನಲ್ಲಿ ಗಂಡಸರಷ್ಟೇ ದುಡಿಯುತ್ತೀರಿ, ಅದೇ ನೀರು ಕುಡಿಯುತ್ತೀರಿ, ಆದರೂ ನಿಮಗೆ ಇಲ್ಲ. ಹೆಣ್ಣಿನ ದೇಹವೇ ಗಟ್ಟಿ ಎಂದು ನಮ್ಮ ಸಾಹೇಬರು ಮೀಟಿಂಗಿನಲ್ಲಿ ಹೇಳಿದರು. ಎಲ್ಲರೂ ತಲೆಯಾಡಿಸಿದೆವು.

ಆದರೂ ಹುಷಾರಾಗಿರು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು. ಅದಕ್ಕೆಂದೇ ಒಂದೂವರೆ ಲೀಟರಿನ ಸ್ಟೀಲ್ ಬಾಟಲಿಯೊಂದನ್ನು ಕೊಳ್ಳೇಗಾಲದಲ್ಲಿ ಕೊಂಡು ನಿಂಗರಾಜುವಿನ ಕೈಯಲ್ಲಿ ಕಳಿಸಿದ್ದೇನೆ. ಮಧ್ಯಾಹ್ನದೊಳಗೆ ಒಂದು ಸಲ, ಸಂಜೆಯೊಳಗೆ ಇನ್ನೊಂದು ಸಲ ಖಾಲಿ ಮಾಡು. ಎಷ್ಟು ಸುಲಭ ನೋಡು. ಇಷ್ಟು ಸುಲಭದ ಕೆಲಸ ಮಾಡದೆ ಜನ ಆಸ್ಪತ್ರೆ ಸೇರುತ್ತಾರಲ್ಲ ಎಂದು ನನಗೆ ಸಿಟ್ಟೇ ಬರುತ್ತದೆ.

ನಿನ್ನ
ಪ್ರಭು


ಶಾಗ್ಯ
8–6–2023

ಪ್ರಭು,

ಬಾಟಲಿ ತಲುಪಿತು, ಬಹಳ ಚೆನ್ನಾಗಿದೆ. ನಿಮ್ಮ ಭಾವ ಅದನ್ನು ದಿನಾ ಹೊಲಕ್ಕೆ ತೆಗೆದುಕೊಂಡು ಹೋಗುತ್ತಾರೆ. ನೀರು ತಣ್ಣಗೇ ಇರುತ್ತದಂತೆ. ‘ನಿನ್ ತಮ್ಮ ಜಗಳಗಂಟ ಆದ್ರೂ ಸಾಮಾನು ಚೆನ್ನಾಗಿರದ್ನೇ ಕೊಡ್ತನೆ’ ಅಂದರು. ನಿನಗೆ ಸಿಕ್ಕ ದೊಡ್ಡ ಬಿರುದು ಅದು, ಇಟ್ಟುಕೋ.

ನಿಂಗರಾಜು ಒಳ್ಳೆಯ ಹುಡುಗ. ಸಮೀಕ್ಷೆಗೆ ಬಂದ ದಿನ ಜಗಲಿಯ ಮೇಲೆ ಕೂತು ಮಾವನವರನ್ನು ಎಲ್ಲ ಕೇಳಿಕೊಂಡು ಹೋದ. ನಾನು ಬಾಗಿಲ ಸಂದಿಯಿಂದ ಕಾಫಿ ಕೊಟ್ಟೆ. ನಿನ್ನ ಅಕ್ಕ ನಾನೇ ಎಂದು ಆವತ್ತು ಅವನಿಗೆ ಗೊತ್ತಾಗಿರಲಿಕ್ಕಿಲ್ಲ.

ಈ ತಿಂಗಳು ಆನೆ ಕಾಟ ವಿಪರೀತ. ಕಾಡಿನಿಂದ ಇಳಿದು ನಮ್ಮ ಜೋಳದ ಹೊಲದ ಬದುವಿನಲ್ಲೇ ನಿಂತಿರುತ್ತವೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ಯಾರೂ ಮನೆಯಿಂದ ಹೊರಗೆ ಹೋಗಬಾರದು ಎಂದು ಅರಣ್ಯದವರು ಮೈಕಿನಲ್ಲಿ ಕೂಗಿ ಹೋಗಿದ್ದಾರೆ. ಗಂಡಸರಿಗೇನೋ ಪಟಾಕಿ ಹೊಡೆದುಕೊಂಡು ಆಟವಾಗಿದೆ. ನಮಗೆ ಸ್ವಲ್ಪ ಕಷ್ಟ.

ನೀರು ಕುಡಿಯುತ್ತಿದ್ದೇನೆ. ಚಿಂತೆ ಮಾಡಬೇಡ.

ಕವಿತ


ಯಳಂದೂರು
14–11–2023

ಅಕ್ಕ,

ಐದು ತಿಂಗಳಿಂದ ನಿನ್ನದೊಂದು ಅಕ್ಷರವಿಲ್ಲ. ಎರಡು ಕಾಗದ ಹಾಕಿದೆ. ದಸರಾಗೆ ಮಧುವನಹಳ್ಳಿಗೆ ಬಂದಿದ್ದೆಯಂತೆ, ನಾನು ಬರುವ ಹಿಂದಿನ ದಿನವೇ ಹೊರಟುಬಿಟ್ಟೆಯಂತೆ. ಸೊಂಟ ಹಿಡಿದುಕೊಂಡು ವಾಂತಿ ಮಾಡಿಕೊಂಡಳು, ಚಳಿಜ್ವರ ಬಂದಿತ್ತು ಎಂದು ಅವ್ವ ಹೇಳಿದಳು. ಆಸ್ಪತ್ರೆಗೆ ಹೋದೆಯಾ ಎಂದರೆ ‘ಬ್ಯಾಡ ಅಂದ್ಲು ಕಣಪ್ಪ, ಮಾತ್ರೆ ನುಂಗಿ ಮನೀಕಂಡ್ಲು’ ಎಂದಳು.

ನನಗೆ ಸಿಟ್ಟು ಬಂದಿದೆ, ನೇರವಾಗಿಯೇ ಬರೆಯುತ್ತೇನೆ. ನೀನು ಪಿಯುಸಿ ಓದಿದವಳು. ಓದದವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ನಿನಗೂ ಹೇಳಬೇಕಾ? ನೀರು ಕುಡಿಯುವುದಕ್ಕೂ ಸೋಮಾರಿತನ ಅಂದರೆ ನಾನೇನು ಮಾಡಲಿ? ಬಾಟಲಿ ಕಳಿಸಿದರೆ ಗಂಡನಿಗೆ ಕೊಟ್ಟು ಕೂತಿದ್ದೀಯ. ನಿನ್ನ ಮೈಯನ್ನು ನೀನು ನೋಡಿಕೊಳ್ಳದಿದ್ದರೆ ಬೇರೆಯವರು ಬಂದು ಲೋಟ ಬಾಯಿಗಿಡುತ್ತಾರಾ?

ಇರಲಿ. ನಮ್ಮ ವರದಿ ನೋಡಿ ಶಾಗ್ಯಕ್ಕೆ ಶುದ್ಧ ನೀರಿನ ಘಟಕ ಮಂಜೂರಾಗಿದೆ. ನಿಮ್ಮ ಬೀದಿಯ ತುದಿಯಲ್ಲೇ ಕಟ್ಟುತ್ತಾರೆ. ನಾನು ಬರಲಾಗದ ಊರಿಗೆ ನನ್ನ ಕೆಲಸವಾದರೂ ಬರುತ್ತಿದೆ ಎಂದು ಒಬ್ಬನೇ ಕೂತು ಸಂತೋಷಪಟ್ಟೆ. ಇನ್ನು ಮೇಲೆ ನೀರಿನ ನೆಪ ಹೇಳುವಂತಿಲ್ಲ.

ಪ್ರಭು


ಮೈಸೂರು, ಆಸ್ಪತ್ರೆಯಿಂದ
21–1–2024

ಪ್ರಭು,

ಪಕ್ಕದ ಹಾಸಿಗೆಯ ಹುಡುಗಿಯ ಹತ್ತಿರ ಹಾಳೆ, ಪೆನ್ನು ಇಸಿದುಕೊಂಡು ಬರೆಯುತ್ತಿದ್ದೇನೆ. ನಿನ್ನನ್ನು ನನ್ನ ಹತ್ತಿರ ಬಿಡಬೇಡ ಎಂದು ಅವ್ವನಿಗೆ ನಾನೇ ಹೇಳಿದ್ದೇನೆ. ನೀನು ಎದುರಿಗೆ ಬಂದು ನಿಂತರೆ ನನಗೆ ಇದನ್ನು ಹೇಳಲು ಬಾಯಿ ಬರುವುದಿಲ್ಲ. ಕಾಗದದಲ್ಲೇ ಆಗಿಹೋಗಲಿ.

ಎಡಗಡೆಯ ಕಿಡ್ನಿ ಸತ್ತುಹೋಗಿದೆಯಂತೆ. ಕಲ್ಲು ಬೆಳೆದು ಬೆಳೆದು ತುಂಬಿಕೊಂಡು, ಕೀವು ಕಟ್ಟಿ, ಈಗ ಅದನ್ನು ತೆಗೆಯಲೇಬೇಕು ಅಂದರು. ಡಾಕ್ಟರಮ್ಮ ಫಿಲ್ಮ್ ಎತ್ತಿ ಹಿಡಿದು ತೋರಿಸಿದರು. ‘ಇಷ್ಟು ದಿನ ಏನ್ ಮಾಡ್ತಿದ್ರಿ? ನೀರು ಕುಡೀತಿರಲಿಲ್ವಾ?’ ಎಂದು ಕೇಳಿದರು. ನಿಮ್ಮ ಭಾವ ಹೊರಗೆ ಹೋಗಿದ್ದರು. ಡಾಕ್ಟರಮ್ಮನೂ ಹೆಂಗಸು, ಅದಕ್ಕೇ ಹೇಳಿದೆ. ಈಗ ನಿನಗೂ ಹೇಳುತ್ತೇನೆ, ಓದು.

ನಮ್ಮ ಮನೆಯ ಶೌಚಾಲಯ ಎಲ್ಲಿದೆ ಗೊತ್ತಾ? ಹಿತ್ತಲು ಚಿಕ್ಕಮಾವನವರ ಪಾಲಿಗೆ ಹೋಗಿದೆ. ಸ್ಕೀಮಿನಲ್ಲಿ ಕಟ್ಟಿಸುವಾಗ ಜಾಗವಿದ್ದದ್ದು ಮನೆಯ ಮುಂದೆ, ಜಗಲಿಯ ಮಗ್ಗುಲಿಗೆ. ಮಾವನಿಗೆ ಮಂಡಿನೋವು. ಬೆಳಗಿನ ಕಾಫಿಗೆ ಜಗಲಿಯಲ್ಲಿ ಕೂತರೆ ಊಟಕ್ಕೆ ಮಾತ್ರ ಏಳುತ್ತಾರೆ, ರಾತ್ರಿ ಮಲಗುವುದೂ ಅಲ್ಲೇ. ಜೊತೆಗೆ ಅವರ ವಾರಿಗೆಯವರು ನಾಲ್ಕು ಜನ. ಸೊಸೆಯಾದವಳು ಕೈಯಲ್ಲಿ ಚೆಂಬು ಹಿಡಿದು ಅವರೆಲ್ಲರ ಮೂಗಿನ ಮುಂದೆ ಹಾದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಆಮೇಲೆ ಹೊರಗೆ ಬರಬೇಕು. ಅವರು ಮಾತು ನಿಲ್ಲಿಸಿ ಬೇರೆ ಕಡೆ ನೋಡುತ್ತಾರೆ. ನಮ್ಮ ಬೀದಿಯಲ್ಲಿ ಯಾವ ಸೊಸೆಯೂ ಹಾಗೆ ಹೋಗುವುದಿಲ್ಲ. ನಾನೂ ಹೋಗಲಿಲ್ಲ.

ಬೆಳಕು ಹರಿಯುವ ಮುಂಚೆ ಅತ್ತೆಯ ಜೊತೆ ಹೊಲದ ಕಡೆಗೆ ಹೋಗಿ ಬರುತ್ತಿದ್ದೆ, ಮತ್ತೆ ಕತ್ತಲಾದ ಮೇಲೆ. ಮಧ್ಯೆ ಕುಡಿದರೆ ತಡೆದುಕೊಳ್ಳಬೇಕು. ಅದಕ್ಕೇ ಕುಡಿಯುವುದನ್ನು ಬಿಟ್ಟೆ. ಮುದ್ದೆಯ ಜೊತೆಗಿನ ಸಾರೇ ನನ್ನ ನೀರು. ಆನೆ ಬಂದ ತಿಂಗಳು ಆ ಎರಡು ಹೊತ್ತೂ ಇಲ್ಲವಾಯಿತು. ಇಂಥವಳಿಗೆ ನೀನು ಮೂರು ಲೀಟರಿನ ಲೆಕ್ಕ ಬರೆದಿದ್ದೆ, ಎಷ್ಟು ಸುಲಭ ನೋಡು ಎಂದು.

ನಿಮ್ಮ ಭಾವನಿಗೆ ಒಂದು ಸಲ ಹೇಳಿದೆ. ‘ಅಪ್ಪ ಉಣ್ಣಕೆ ಒಳಕ್ ಬತ್ತದಲ್ಲ, ಆಗ ಓಗು’ ಅಂದರು. ಮಾವ ಉಣ್ಣಲು ಕೂತಾಗ ಬಡಿಸುವವಳು ಯಾರು? ನಾನೇ. ಅದು ಅವರಿಗೆ ಹೊಳೆಯಲೇ ಇಲ್ಲ. ಅವ್ವನಿಗೆ ಹೇಳಿದೆ. ‘ಸೊಸೆ ಅಂದ್ಮೇಲೆ ಅಷ್ಟೂ ತಡ್ಕಬ್ಯಾಡ್ವಾ, ನಾವೆಲ್ಲ ತಡ್ಕಳ್ನಿಲ್ವಾ’ ಅಂದಳು. ಅತ್ತೆಗೆ ಹೇಳುವ ಅಗತ್ಯವೇ ಇರಲಿಲ್ಲ. ಅವರಿಗೂ ರಾತ್ರಿ ಸೊಂಟ ಹಿಡಿದು ನರಳುವುದು ಮಾಮೂಲಿ. ಇಬ್ಬರೂ ಒಂದೇ ಪಾತ್ರೆಯಲ್ಲಿ ಹುರುಳಿ ಬೇಯಿಸಿ ಕುಡಿಯುತ್ತಿದ್ದೆವು.

ಇನ್ನು ನಿನ್ನ ನಿಂಗರಾಜು ಬಂದ ದಿನ. ಆವತ್ತು ನನಗೆ ಬೆಳಗಿನಿಂದ ಎದ್ದು ನಿಲ್ಲಲಾಗದಷ್ಟು ನೋವು. ಅಡುಗೆಮನೆಯ ಗೋಡೆಗೆ ಒರಗಿ ಸೆರಗು ಕಚ್ಚಿಕೊಂಡು ಕೂತಿದ್ದೆ. ಅವನು ಮಾವನನ್ನು ‘ನಿಮ್ ಮನೇಲಿ ಯಾರ್ಗಾರ ಕಿಡ್ನಿ ಕಲ್ಲು ಇದ್ದದಾ ಯಜಮಾನ್ರೇ?’ ಎಂದು ಕೇಳಿದ್ದು ಕಿವಿಗೆ ಬಿತ್ತು. ‘ನಂಗಿಲ್ಲ, ನನ್ ಮಗುನ್ಗೂ ಇಲ್ಲ’ ಅಂದರು. ‘ಎಂಗಸ್ರಿಗೆ?’ ಅಂದ. ‘ಎಂಗಸ್ರು ಮನೇಲೇ ಇರ್ತರೆ, ಅವ್ರಿಗೇನಾದ್ದು?’ ಅಂದರು. ನಿಂಗರಾಜು ಇಲ್ಲ ಎಂದು ಬರೆದುಕೊಂಡ. ನಾನು ಎದ್ದು ಅವನಿಗೆ ಕಾಫಿ ಮಾಡಿದೆ.

ಹೆಣ್ಣಿನ ದೇಹ ಗಟ್ಟಿ ಎಂದು ನಿಮ್ಮ ಸಾಹೇಬರು ಹೇಳಿದಾಗ ನೀನೂ ತಲೆಯಾಡಿಸಿದೆಯಲ್ಲ, ಆ ಗಟ್ಟಿ ದೇಹದ ಲೆಕ್ಕದಲ್ಲಿ ನಾನೂ ಒಬ್ಬಳು. ಇನ್ನೆಷ್ಟು ಮನೆಯಲ್ಲಿ ನಿನ್ನ ಹುಡುಗರು ಜಗಲಿಯಲ್ಲೇ ಕೂತು ಕಾಫಿ ಕುಡಿದು ಎದ್ದುಹೋದರೋ. ನನ್ನನ್ನು ಸೋಮಾರಿ ಅಂದೆ. ಆ ಕಾಗದವನ್ನು ಅಕ್ಕಿಡಬ್ಬದಲ್ಲಿಟ್ಟು ಎಷ್ಟು ಸಲ ಓದಿ ಅತ್ತಿದ್ದೇನೋ ನನಗೇ ಗೊತ್ತಿಲ್ಲ. ನಿನ್ನ ನೀರಿನ ಘಟಕಕ್ಕೆ ಪೂಜೆಯಾಯಿತು. ಮೊದಲ ಲೋಟ ಮಾವನಿಗೇ ಕೊಟ್ಟರು. ನೀರು ಸಿಹಿಯಾಗಿದೆಯಂತೆ.

ಗುರುವಾರ ಆಪರೇಷನ್. ನೀನು ಬರಬೇಡ.

ಕವಿತ


ಯಳಂದೂರು
29–1–2024

ಅಕ್ಕ,

ಮೂರು ಹಾಳೆ ಹರಿದು ಹಾಕಿದೆ. ಆಪರೇಷನ್ ಸರಿಯಾಗಿ ಆಯಿತು ಎಂದು ಅವ್ವ ಫೋನ್ ಮಾಡಿದಳು. ಆಸ್ಪತ್ರೆಯ ಗೇಟಿನವರೆಗೆ ಬಂದು, ನೀನು ಬೇಡ ಅಂದದ್ದಕ್ಕೆ ಅಲ್ಲೇ ಟೀ ಅಂಗಡಿಯಲ್ಲಿ ಸಂಜೆಯವರೆಗೆ ಕೂತು ವಾಪಸಾದೆ.

ಸಾಹೇಬರ ಮುಂದೆ ನಿಂತು ‘ನಮ್ಮ ಸಮೀಕ್ಷೆ ತಪ್ಪು ಸರ್, ನಾವು ಹೆಂಗಸರನ್ನು ಕೇಳಿಯೇ ಇಲ್ಲ’ ಅಂದೆ. ‘ವರದಿ ಹೋಗಿ ಎಷ್ಟು ದಿನವಾಯ್ತು ಪ್ರಭುಸ್ವಾಮಿ, ನಿಮ್ಮ ಮನೆ ಕಷ್ಟಾನ ಇದಕ್ಕೆ ತಳುಕು ಹಾಕಬೇಡಿ’ ಅಂದರು. ಇನ್ನೂ ಕೇಳಿದ್ದಕ್ಕೆ ರಜ ಹಾಕಿ ಮನೆಗೆ ಹೋಗಿ ಅಂದರು.

ನನಗೆ ನಿಮ್ಮ ಮಾವನ ಮೇಲೆ ರಕ್ತ ಕುದಿಯುತ್ತಿದೆ. ಆ ಜಗಲಿ ಹತ್ತಬೇಡ ಅಂದಿದ್ದರಲ್ಲ, ಈ ಸಲ ಹತ್ತಿ, ಅವರ ವಾರಿಗೆಯವರ ಮುಂದೆಯೇ ಕೇಳುತ್ತೇನೆ. ನಿಮ್ಮ ಬೀಡಿಗೆ, ಹರಟೆಗೆ ನಮ್ಮ ಅಕ್ಕನ ಜೀವ ಹೋಗಬೇಕಿತ್ತಾ ಎಂದು. ಭಾವನನ್ನೂ ಬಿಡುವುದಿಲ್ಲ.

ಆದರೆ ಒಂದು ಮಾತು, ಸಿಟ್ಟಾಗಬೇಡ. ನನಗೆ ಯಾಕೆ ಹೇಳಲಿಲ್ಲ? ನಾನು ನಿನ್ನ ತಮ್ಮನಲ್ಲವಾ? ಒಂದೇ ಒಂದು ಸಾಲು ಬರೆದಿದ್ದರೆ ಏನಾದರೂ ಮಾಡುತ್ತಿದ್ದೆನಲ್ಲ.

ಪ್ರಭು


ಶಾಗ್ಯ
17–3–2024

ಪ್ರಭು,

ಗಾಯ ಒಣಗಿದೆ. ಬಗ್ಗಿದರೆ ಎಳೆದಂತಾಗುತ್ತದೆ. ಭಾರ ಎತ್ತಬಾರದು ಅಂದಿದ್ದಾರೆ, ಪುಟ್ಟಿಗೆ ಅದು ತಿಳಿಯುವುದಿಲ್ಲ, ಎತ್ತಿಕೋ ಎಂದು ಅಳುತ್ತಾಳೆ. ಇರುವ ಒಂದರಲ್ಲೇ ಇನ್ನು ಜೀವನ. ಅದಕ್ಕೂ ಕಲ್ಲು ಕಟ್ಟಿದರೆ ಕಥೆ ಮುಗಿದಂತೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದರು.

ನೀನು ಇಲ್ಲಿಗೆ ಬಂದು ಜಗಳ ಮಾಡಬೇಡ. ಮಾಡಲು ಏನೂ ಉಳಿದಿಲ್ಲ. ಏನಾಯಿತು ಎಂದು ಬರೆಯುತ್ತೇನೆ.

ಮನೆಗೆ ಬಂದ ಮಾರನೆಯ ದಿನ, ಚೆನ್ನಾಗಿ ಬಿಸಿಲೇರಿದ ಹೊತ್ತಿನಲ್ಲಿ ಎರಡು ಲೋಟ ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ಅವಸರವಾಯಿತು. ಚೆಂಬು ತೆಗೆದುಕೊಂಡೆ. ಅತ್ತೆ ‘ಎಲ್ಲಿಗವ್ವ? ಅವ್ರೆಲ್ಲ ಕುಂತವ್ರೆ’ ಅಂದರು. ಕುಂತಿರಲಿ ಅಂದೆ. ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಹೊರಟೆ. ಜಗಲಿಯಲ್ಲಿ ಮಾವ, ನಾಗಯ್ಯನವರು, ಇನ್ನಿಬ್ಬರು ಇದ್ದರು. ಮಾತು ನಿಂತಿತು. ಯಾರೂ ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೊರಗೆ ಬಂದಾಗ ಉಳಿದವರು ಎದ್ದು ಹೋಗಿದ್ದರು. ಮಾವ ಒಬ್ಬರೇ ಕೂತಿದ್ದರು. ನಾನು ಅವರ ಬೈಗುಳಕ್ಕೆ ತಯಾರಾಗಿದ್ದೆ. ಏನೆಂದರೆ ಏನನ್ನಬೇಕು ಎಂದು ಆಸ್ಪತ್ರೆಯಲ್ಲಿ ಮಲಗಿ ಎಲ್ಲ ಕೂಡಿಸಿಟ್ಟುಕೊಂಡಿದ್ದೆ. ಅವರು ತಲೆ ತಗ್ಗಿಸಿಕೊಂಡೇ ಮಾತಾಡಿದರು.

‘ಅಲ್ಲ ಕಣವ್ವ, ಇದ್ಕಾ ನೀನು ನೀರು ಬುಟ್ಟಿದ್ದು? ನನ್ ಮಗ ಶಾಂತರಾಜು ನೆನ್ನೆ ಏಳ್ದ, ಡಾಕ್ಟ್ರಮ್ಮ ಅಂದ್ರಂತೆ. ನಾನ್ ಯಾವತ್ತಾರ ಬ್ಯಾಡ ಅಂದಿದ್ನಾ? ಒಂದ್ ಮಾತು ಅಂದಿದ್ರೆ ನಾನೇ ಎದ್ದು ಆ ಅರಳೀಕಟ್ಟೆ ತಕ್ಕೆ ಓಯ್ತಿದ್ನಲ್ಲವ್ವ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಪ್ರಭು. ತಾವು ಕೂತಿದ್ದರೆ ನಾವು ಹೋಗುವುದಿಲ್ಲ ಎಂಬುದು ಅವರ ತಲೆಗೇ ಬಂದಿರಲಿಲ್ಲ. ನಾನು ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಇದಕ್ಕೆ ಉತ್ತರವಾಗಲಿಲ್ಲ. ಚೆಂಬು ಹಿಡಿದು ಒಳಗೆ ಬಂದೆ. ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ‘ಎದ್ದೋಯ್ತಿದ್ರಂತೆ’ ಅಂದು ನೆಲಕ್ಕೆ ಕುಸಿದು ಕೂತು ಅತ್ತರು. ಅವರು ಹಾಗೆ ಅತ್ತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಈಗ ಮಾವ ಬೆಳಿಗ್ಗೆಯೇ ಕೋಲೂರಿಕೊಂಡು ಅರಳಿಕಟ್ಟೆಗೆ ಹೋಗುತ್ತಾರೆ. ಅಷ್ಟೇ ಆಗಬೇಕಾಗಿದ್ದದ್ದು. ಅಷ್ಟಕ್ಕೆ ನನ್ನ ಮೈ ಕೊಯ್ಯಿಸಿಕೊಳ್ಳಬೇಕಾಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳು. ನಿಮ್ಮ ಭಾವ ಬೇಡ ಅನ್ನಲಿಲ್ಲ, ಅತ್ತೆ ಬೇಡ ಅನ್ನಲಿಲ್ಲ, ಮಾವನೂ ಅನ್ನಲಿಲ್ಲ.

ಒಂದು ಸಾಲು ಬರೆದಿದ್ದರೆ ಎಂದು ನೀನೂ ಕೇಳಿದ್ದೀಯ. ಮಾವ ಕೇಳಿದ್ದೂ ಅದನ್ನೇ. ನೀವಿಬ್ಬರೂ ಜಗಳವಾಡಿ ಮಾತು ಬಿಟ್ಟವರು, ಇದೊಂದರಲ್ಲಿ ಮಾತ್ರ ಒಂದೇ ಬಾಯಿ. ಹೇಳುವುದೂ ನಮ್ಮ ಕೆಲಸವೇ, ತಡೆದುಕೊಳ್ಳುವುದೂ ನಮ್ಮ ಕೆಲಸವೇ.

ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಶೌಚಾಲಯಕ್ಕೆ ಹೋಗುವ ಬಚ್ಚಲ ಬಾಗಿಲಿರುವುದು ಪಡಸಾಲೆಯಲ್ಲಿ, ಅಪ್ಪನ ಮಂಚದ ಎದುರಿಗೆ. ಅಪ್ಪ ಹಗಲೆಲ್ಲ ಆ ಮಂಚದ ಮೇಲೆಯೇ ಇರುತ್ತಾರೆ. ನಾನು ಮಗಳು, ದಡದಡ ಓಡಾಡಿಕೊಂಡಿದ್ದೆ, ನನಗೆ ಏನೂ ಅನಿಸಲಿಲ್ಲ. ಪ್ರೇಮಾ ಸೊಸೆ. ದಸರಾಗೆ ಬಂದಾಗ ಅವಳೂ ನನ್ನ ಹಾಗೆಯೇ ಒಣಗಿದ ತುಟಿಯಲ್ಲಿ ಓಡಾಡುತ್ತಿದ್ದಳು. ನಾನು ನೋಡಿದೆ, ನನ್ನ ನೋವಿನಲ್ಲಿ ಸುಮ್ಮನಾದೆ.

ಈ ಶನಿವಾರ ಊರಿಗೆ ಹೋದಾಗ ಅವಳು ಹೇಳಲಿ ಎಂದು ಕಾಯಬೇಡ. ನೀನೇ ಕೇಳು.

ಕವಿತ